ಎರಡು ಮೊಳದ ಕಟ್ಟಿಗೆ

ಸೌದೆ ಅಂದರೇನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ನಾನು ಹತ್ತು ವರ್ಷದವಳಿದ್ದಾಗ ಕೊಟ್ಟೂರಿನ ಸುತ್ತ ಎಲ್ಲರ ಮನೆಯಲ್ಲೂ ಒಲೆ, ಎಲ್ಲರ ಹೊಲದ ಬದುವಿನಲ್ಲೂ ಜಾಲಿ. ಅಪ್ಪ ಮರ ಕೊಯ್ಯುವ ಮಷಿನ್ ತಂದ ಆ ಬೇಸಿಗೆ ನಮ್ಮ ಹಿತ್ತಲೆಲ್ಲ ಪೆಟ್ರೋಲು, ಆಯಿಲ್ಲು, ಹಸಿ ಜಾಲಿಯ ವಾಸನೆ. ರೊಟ್ಟಿಗೆ ಶೇಂಗಾ ಚಟ್ನಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತರೆ ಅದಕ್ಕೂ ಕಟ್ಟಿಗೆಯ ಪುಡಿ ಮೆತ್ತುತ್ತಿತ್ತು.

ಮಷಿನ್ ಅಪ್ಪನದು, ಅದರ ಗುಣ ಗೊತ್ತಿದ್ದದ್ದು ಮಾತ್ರ ನಮ್ಮ ಗಿರಿಜಕ್ಕನಿಗೆ. ಪಿಯುಸಿ ಮುಗಿಸಿದ್ದಳು. ಹೊಸಪೇಟೆಯಲ್ಲಿ ಡಿಪ್ಲೊಮಾ ಓದಲು ಅರ್ಜಿ ತುಂಬಿ, ಅಂಚೆಗೆ ಹಾಕಲು ಅಪ್ಪನ ಕೈಗೆ ಕೊಟ್ಟಿದ್ದಳು. ಮಷಿನ್ ಕೀರಲು ದನಿ ತೆಗೆದರೆ ಸಾಕು, ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬರುವಳು.

"ಅಪ್ಪಾ, ಬಂದ್ ಮಾಡು. ಪೆಟ್ರೋಲ್ ಕಮ್ಮಿ ಹೊಂಟೈತಿ, ಇಂಜಿನ್ ಸುಟ್ಟು ಹೋಗತೈತಿ."

ಕಾರ್ಬೊರೇಟರಿನ ಸ್ಕ್ರೂ ಒಂದಿಷ್ಟೇ ತಿರುಗಿಸುವಳು, ದನಿ ದಪ್ಪಗಾಗುತ್ತಿತ್ತು. ಚೈನು ಮೊಂಡಾದರೆ ಹಿಟ್ಟಿನಂಥ ಪುಡಿ, ಹರಿತವಿದ್ದರೆ ಚಕ್ಕೆ ಬೀಳುತ್ತದೆಂದು ನನಗೆ ತೋರಿಸಿದ್ದೂ ಅವಳೇ. ಅರ ಹಿಡಿದು ಕೂತರೆ ಚೈನಿನ ಒಂದೊಂದು ಹಲ್ಲನ್ನೂ ಬಿಡದೆ ಉಜ್ಜುವಳು.

"ನನ್ ಮಗಳು ಇಂಜಿನಿಯರ್ ಆಗಾಕಿ ನೋಡ್ರಿ," ಎಂದು ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದ. ನಾವು ನಂಬಿದ್ದೆವು. ಹೆತ್ತ ಅಪ್ಪನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

ಒಂದು ಮುಂಜಾನೆ ಎರಡು ಟ್ರ್ಯಾಕ್ಟರ್ ದಿಮ್ಮಿ ಬಂದು ಬಿತ್ತು. ನಮ್ಮ ಒಲೆಗೆ ಮೊಳದುದ್ದ ಸಾಕು, ಅಪ್ಪ ಎರಡು ಮೊಳಕ್ಕೊಂದು ಗುರುತು ಹಾಕತೊಡಗಿದ.

"ಇಷ್ಟುದ್ದ ಯಾಕಪ್ಪಾ?" ಎಂದೆ.

"ಮೈಲಾರದ ಖಾನಾವಳಿಯವ್ರು ಕೇಳ್ಯಾರ. ಅವರ ಒಲಿ ದೊಡ್ಡದೈತಿ." ನನ್ನ ಮುಖ ನೋಡಿಕೊಂಡೇ ಹೇಳಿದ.

ಮೂರು ದಿನ ಅಕ್ಕ ಊಟದ ಖಬರಿಲ್ಲದೆ ಮಷಿನ್ ನೋಡಿಕೊಂಡಳು. ನಾಲ್ಕನೆಯ ದಿನ ಪಕ್ಕದ ಮನೆಯ ಗಂಗವ್ವ ಬಂದು ರಾಶಿಯ ಮುಂದೆ ನಿಂತಳು.

"ಲಗ್ನದ ಕಟ್ಟಿಗಿ ಚೊಲೊ ಒಟ್ಟೀರಿ ಬಿಡ್ರಿ. ಹರಪನಹಳ್ಳಿ ಬೀಗ್ರು ಯಾವತ್ತು ಬರ್ತಾರ?"

ಅಕ್ಕ ಅರ ಕೆಳಗಿಟ್ಟಳು. "ಯಾರ ಲಗ್ನಪ್ಪಾ?"

"ಚೊಲೊ ಮನಿತನ ಐತವ್ವ. ಅಂಥಾ ಸಂಬಂಧ ಮತ್ತ ಸಿಗಲ್ಲ," ಎಂದ ಅಪ್ಪ.

"ನನ್ನ ಅರ್ಜಿ?"

"ಕಳಿಸಿಲ್ಲ."

"ಮೂರು ದಿನ ನನ್ನ ಕೈಲೇ ಮಾಡಿಸ್ಕಂಡೆಲ್ಲಪ್ಪಾ," ಎಂದಳು ಅಕ್ಕ. "ಒಂದು ಮಾತು ಹೇಳಬೇಕು ಅನಸಲಿಲ್ಲೇನು?"

ಅಪ್ಪ ಪೆಟ್ರೋಲ್ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತ ಕೂತ.

ಕಟ್ಟಿಗೆ ಒಣಗಿದ್ದೇ ತಡ, ಲಗ್ನವೂ ಆಗಿಹೋಯಿತು. ಗೋಧಿ ಹುಗ್ಗಿ ಬೆಂದದ್ದು ಅದೇ ಸೌದೆಯಲ್ಲಿ. ಬೀಗರು ಕೇಳಿ ಕೇಳಿ ಹಾಕಿಸಿಕೊಂಡರು, ನಾನು ತುತ್ತು ಮುಟ್ಟದೆ ಎಲೆ ಮಡಚಿದೆ.

ಈಗ ಹಿತ್ತಲಲ್ಲಿ ಒಲೆಯೂ ಇಲ್ಲ, ಮಷಿನ್ನೂ ಇಲ್ಲ. ಅವು ಹೋದದ್ದಕ್ಕೆ ನನಗೇನೂ ಸಂಕಟವಿಲ್ಲ. "ಅಪ್ಪಗ ಅಷ್ಟ ತಿಳೀತು, ಬಿಡೇ," ಎನ್ನುತ್ತಾಳೆ ಅಕ್ಕ. ನನಗೆ ಬಿಡಲಾಗಲಿಲ್ಲ. ಕಡೆಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದಾಗ ನಾನೇ ನೋಡಿಕೊಂಡೆ. "ಗುಳಿಗಿ ತಗಂಡೀನವ್ವ," ಎನ್ನುತ್ತಿದ್ದ. ನಾನು ಹೂಂಗುಟ್ಟಿ, ಒಳಗೆ ಹೋಗಿ ಅದು ನಿಜವೇ ಎಂದು ಅವ್ವನನ್ನು ಕೇಳಿ ಬರುತ್ತಿದ್ದೆ. ಅಪ್ಪನಿಗೆ ಅದು ಗೊತ್ತಿತ್ತು.