ನಿಲ್ಲಿಸ್ಲಾ, ಓಡಿಸ್ಲಾ?

ಫೋಟೋ ತೆಗೆಯುವಾಗ ಮುನಿರಾಜಣ್ಣ ಯಾರಿಗೂ "ನಗಿ" ಎಂದು ಹೇಳಿದವರಲ್ಲ. ಕ್ಯಾಮೆರಾವನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು, ಎದುರಿಗಿದ್ದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಲ್ಲಿಸ್ಲಾ, ಓಡಿಸ್ಲಾ?" ಎಂದು ಕೇಳುತ್ತಿದ್ದರು. ಹೊಸಕೋಟೆಯಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಗೆಂದು ಬಂದು ಸ್ಟೂಲಿನ ಮೇಲೆ ಬೆಪ್ಪಾಗಿ ಕೂತವರಿಗೂ ಅದೇ ಪ್ರಶ್ನೆ. ಅವರು ತಬ್ಬಿಬ್ಬಾದರೆ ಇವರಿಗೆ ಖುಷಿ.

ಆ ಪ್ರಶ್ನೆಯ ಅರ್ಥ ನನಗಾದದ್ದು ಜಡಿಗೇನಹಳ್ಳಿ ಪಕ್ಕದ ನಮ್ಮೂರಿನಲ್ಲಿ, ಒಂದು ಸಂಕ್ರಾಂತಿಯ ಸಂಜೆ. ಕಿಚ್ಚು ಹಾಯಿಸುವಾಗ ಚಿಕ್ಕಪ್ಪನ ಎತ್ತು ಬೆಂಕಿ ದಾಟಿದ್ದನ್ನು ತೆಗೆದು ತೋರಿಸಿದರು. ಕೊಂಬಿಗೆ ಕಟ್ಟಿದ ಟೇಪಿನ ಮಡಿಕೆ ಕೂಡ ಸ್ಪಷ್ಟವಾಗಿತ್ತು. ಚಿಕ್ಕಪ್ಪನ ಮುಖ ಮಾತ್ರ ಸಪ್ಪಗಾಯಿತು.

"ಏನಣ್ಣಾ, ನನ್ನೆತ್ತನ್ನ ಹಗ್ಗ ಕಟ್ಟಿ ನೇತಾಕಿದಂಗೈತಲ್ಲ!"

"ನೀನೇ ನಿಲ್ಸು ಅಂದೆ, ನಿಲ್ಸಿದೀನಿ. ಶಟರ್ ಪಟ್ ಅಂತ ಮುಚ್ಚಿದ್ರೆ ಎಂಥ ಓಟಾನೂ ನಿಂತೋಯ್ತದೆ. ಚೂರು ತಡೆದು ಮುಚ್ಚಿದ್ರೆ ಓಟ ಹಂಗೇ ಉಳೀತದೆ. ಇನ್ನೊಂದ್ಸಲ ಹಾಯ್ಸು."

ಎರಡನೆಯ ಸಲ ಎತ್ತಿನ ಜೊತೆಗೇ ಕ್ಯಾಮೆರಾ ತಿರುಗಿಸಿದರು. ಕಾಲುಗಳು ಮಸುಕು, ಹಿಂದಿದ್ದ ಜನರೆಲ್ಲ ಬರೀ ಗೆರೆ. ಎತ್ತು ಮಾತ್ರ ನುಗ್ಗಿ ಬರುತ್ತಿತ್ತು. ಚಿಕ್ಕಪ್ಪ ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದರು.

ಮರುವಾರ ಮುನಿರಾಜಣ್ಣನನ್ನು ಅಮ್ಮನ ಫೋಟೋಗಾಗಿ ಮನೆಗೆ ಕರೆದೆ. ಅಮ್ಮನ ಕೈಗಳಿಗೆ ನಡುಕ ಶುರುವಾಗಿ ವರ್ಷಗಳಾಗಿದ್ದವು. ಫೋಟೋ ಎಂದರೆ ಸಾಕು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅವಳದೊಂದು ಒಳ್ಳೆಯ ಫೋಟೋ ನಮ್ಮಲ್ಲಿರಲಿಲ್ಲ. ಹಾಗೆಯೇ ಹೊರಟುಹೋದಾಳೆಂಬ ಭಯ ನನಗೆ.

ಮುನಿರಾಜಣ್ಣ ಬಂದಾಗ ಅವಳು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವರು ಕ್ಯಾಮೆರಾದ ಜೊತೆ ಸ್ವಲ್ಪ ಹೊತ್ತು ಏನೋ ಮಾಡಿ, ಆಮೇಲೆ ಕೇಳಿದರು: "ಅಕ್ಕಾ, ನಿಲ್ಲಿಸ್ಲಾ, ಓಡಿಸ್ಲಾ?"

ಎತ್ತಿನ ಫೋಟೋದ ಕಥೆ ಕೇಳಿದ್ದ ಅಮ್ಮ ಈ ಸಲ ಒಳಗೆ ಹೋಗದೆ ಕೈಗಳನ್ನು ಮುಂದೆ ಚಾಚಿದಳು. "ಇವು ಎಲ್ಲಿ ನಿಂತಾವು ಕಣಪ್ಪಾ! ನಿನ್ ಕೈಲಾದ್ರೆ ನಿಲ್ಸು, ಒಂದ್ಸಲ ನೋಡ್ತೀನಿ."

"ಹಂಗಾದ್ರೆ ಬಿಸಿಲಿಗೆ ಬನ್ನಿ. ಬೇಗ ಮುಚ್ಬೇಕು ಅಂದ್ರೆ ಬೆಳಕು ಜಾಸ್ತಿ ಬೇಕು."

ಮೊರದ ಸಮೇತ ಅಂಗಳದಲ್ಲಿ ಕೂರಿಸಿ ತೆಗೆದರು. ಕ್ಯಾಮೆರಾದ ಪರದೆಯ ಮೇಲೆ ಅಮ್ಮ, ಅವಳ ಎರಡು ಕೈ, ಬೆರಳ ನಡುವೆ ಒಂದು ಕಾಯಿ. ಯಾವುದೂ ಅಲುಗಿರಲಿಲ್ಲ. ಅಮ್ಮ ಬಹಳ ಹೊತ್ತು ನೋಡಿದಳು. "ನನ್ ಕೈಯೇ ಕಣೇ," ಎಂದಳು ನನಗೆ. ಅವಳ ಕಣ್ಣು ತುಂಬಿತ್ತು, ನನ್ನದೂ.

ಪ್ರಿಂಟ್ ಕೊಡುವಾಗ ಮುನಿರಾಜಣ್ಣ ಇನ್ನೊಂದನ್ನೂ ಕೊಟ್ಟರು. ಪಡಸಾಲೆಯಲ್ಲೇ, ಯಾರನ್ನೂ ಕೇಳದೆ ತೆಗೆದದ್ದು. ಅದರಲ್ಲಿ ಅಮ್ಮನ ಮುಖ ಸ್ಪಷ್ಟವಾಗಿತ್ತು, ಕೈಗಳು ಮಸುಕು. "ಇದು ನಿಂಗೆ ಕಣಮ್ಮಾ. ಅಕ್ಕಂಗೆ ತೋರಿಸ್ಬೇಡ," ಎಂದರು. ಹಾಗೇ ತೆಗೆದಿಟ್ಟೆ.

ಅಮ್ಮ ಹೋದಮೇಲೆ ಒಮ್ಮೆ ಸ್ಟುಡಿಯೋಗೆ ಹೋಗಿದ್ದೆ. ಅದೇ ಕೊನೆಯ ಭೇಟಿ.

"ಗೋಡೆಗೆ ಯಾವ್ದು ಹಾಕ್ದೆ?"

"ಅಮ್ಮಂಗೆ ಇಷ್ಟ ಆಗಿತ್ತಲ್ಲ, ಅದೇ. ಇನ್ನೊಂದು ನನ್ ಹತ್ರಾನೇ ಐತಣ್ಣಾ. ಅದ್ರಾಗೆ ಅಮ್ಮ ಇನ್ನೂ ಕಾಯಿ ಸುಲೀತಾ ಅವ್ಳೆ."

"ಅದಕ್ಕೇ ಕೊಟ್ಟಿದ್ದು," ಎಂದು ಅವರು ಲೆನ್ಸ್ ಒರೆಸತೊಡಗಿದರು.

ಈಗ ಅವರೂ ಇಲ್ಲ. ಸ್ಟುಡಿಯೋ ಇದ್ದ ಜಾಗದಲ್ಲಿ ಬೇರೆ ಅಂಗಡಿ ಬಂದಿದೆ. ಅವರೆಕಾಯಿ ಕಾಲ ಬಂದಾಗ ಆ ಮಸುಕು ಕೈಗಳ ಫೋಟೋವನ್ನು ಎದುರಿಗಿಟ್ಟುಕೊಂಡು ಕಾಯಿ ಸುಲಿಯಲು ಕೂರುತ್ತೇನೆ. ಅಮ್ಮನೂ ನಾನೂ ಒಟ್ಟಿಗೆ ಸುಲಿಯುತ್ತೇವೆ. ಮೊರ ಖಾಲಿಯಾದಮೇಲೆ, ಸೊಗಡು ಹತ್ತಿದ ಕೈಗಳನ್ನೇ ಮುನಿರಾಜಣ್ಣನಿಗೊಮ್ಮೆ ಮುಗಿಯುತ್ತೇನೆ.