ಮಾವ ಆರಿಸಿದ ಕೊಳ

ನನ್ನ ಸೋದರಮಾವ ಒಂದು ದೊಡ್ಡ ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಒಳಗೆ ಬಂದವರು ಮಹಡಿಯ ನಂಬರು ಹೇಳಿ, ಬಾಗಿಲ ಮೇಲಿನ ದೀಪ ನೋಡುತ್ತ ನಿಲ್ಲುತ್ತಿದ್ದರು. ಆಯುಸ್ಸೆಲ್ಲ ಜನರ ನಡುವೆಯೇ ಸವೆದರೂ ಅವನ ಮುಖ ನೋಡಿ ಮಾತಾಡಿದವರು ಕಡಿಮೆ. ಮದುವೆ ಅನ್ನುವುದು ಅವನ ಮಹಡಿಯಲ್ಲಿ ನಿಲ್ಲಲೇ ಇಲ್ಲ ಅಂತ ಅಮ್ಮ ತನ್ನ ಅಣ್ಣನನ್ನು ಛೇಡಿಸುವಳು. ಅವನೂ ನಗುವನು. ನನಗೆ ಮಾತ್ರ ಆ ತಮಾಷೆ ಒಂಚೂರೂ ಹಿಡಿಸುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಬಿಸಿಲಿಗೆ ಬೇಸತ್ತು ಸಾಕುಮೀನಿನ ಅಂಗಡಿ ಹೊಕ್ಕನಂತೆ. ಕೆಂಪು ಮೀನೊಂದು ಗಾಜಿನ ಹತ್ತಿರ ಬಂದು ಅವನನ್ನೇ ನೋಡಿತಂತೆ. ಅಷ್ಟು ಸಾಕಾಯಿತು. ಹಿತ್ತಿಲಲ್ಲಿ ಕೊಳ ಆಗಲೇಬೇಕು ಅಂತ ಹಟ ಹಿಡಿದ.

ಯಾವ ಥರದ ಕೊಳ ಅಂತ ಕೇಳಲು ಅಂಗಡಿಯವನ ಹತ್ತಿರ ನಾನೂ ಹೋಗಿದ್ದೆ. ಎದೆಮಟ್ಟ ಅಗೆಸಿ, ಅಂಚು ನೆಟ್ಟಗಿರಲಿ, ಬಿಸಿಲು ಏರಿದರೂ ಹಕ್ಕಿ ಬಂದರೂ ಮೀನು ಕೆಳಗಿಳಿದು ಬಚಾವಾಗುತ್ತದೆ ಅಂದ ಅವನು. ಕೆಳಗಿಳಿದರೆ ಕಾಣುತ್ತವೆಯೇ ಎಂದು ಮಾವ ಕೇಳಿದ.

"ಕಾಣಲ್ಲ. ಕಾಣ್ದೇ ಇರ್ಲಿ ಅಂತಾನೇ ಆಳ ಮಾಡೋದು," ಅಂದ ಅಂಗಡಿಯವನು.

ಮಾವನ ಮುಖ ಸಪ್ಪಗಾಯಿತು. ಕೊನೆಗೆ ಕಟ್ಟಿಸಿದ್ದು ಅಡುಗೆಮನೆಯ ಬಾಗಿಲ ಎದುರಿಗೇ, ಮೊಣಕಾಲೂ ಮುಳುಗದ, ಅಂಚು ಇಳಿಜಾರಾದ ಅಗಲ ಕೊಳ. ಮೇಲೆ ಬಲೆಯಾದರೂ ಹಾಕು ಎಂದೆ. ನನಗೂ ಮೀನಿಗೂ ನಡುವೆ ಅದೊಂದು ಯಾಕೆ ಅಂತ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಪಿತ್ತ ನೆತ್ತಿಗೇರಿತ್ತು, ಆದರೆ ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡೇ ಇರಲಿಲ್ಲ, ಸುಮ್ಮನಾದೆ.

ಅಂಗಡಿಯಿಂದ ತಂದ ಮೀನುಗಳು ಬೇಗ ಪಳಗಿದವು. ಅವನು ಅಂಚಿಗೆ ಬಂದು ನೀರಿನ ಮೇಲೆ ನೆರಳು ಬಿದ್ದರೆ ಸಾಕು, ಬಾಯಿ ತೆರೆದು ಮೇಲೆ ಬರುತ್ತಿದ್ದವು, ಆ ಕೆಂಪು ಮೀನು ಎಲ್ಲಕ್ಕಿಂತ ಮೊದಲು. ಮೊಣಕಾಲು ನೋವು, ನಲ್ಲಿ ಸೋರುವುದು, ಎಲ್ಲ ವರದಿ ಅವುಗಳಿಗೇ. ಫೋನಿನಲ್ಲಿ "ಹೂಂ, ಆಯ್ತು, ಇಡ್ಲಾ" ಬಿಟ್ಟು ನಾಲ್ಕನೆಯ ಮಾತು ಆಡದವನು ಇವನೇನಾ ಅನ್ನಿಸಿತು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಮಾವ ತಲೆಯೆತ್ತಿದರೆ ಇಳಿಜಾರಿನ ಅಂಚಿನಲ್ಲಿ ಕೊಕ್ಕರೆ ನಿಂತಿತ್ತು. ಅದರ ನೆರಳು ನೀರಿನ ಮೇಲೆ. ಮೀನುಗಳು ಓಡಲಿಲ್ಲ, ಬಾಯಿ ತೆರೆದು ಅದರ ಕಾಲ ಬುಡಕ್ಕೇ ಬಂದವು. ಇವನು ಚಿಲಕ ತೆಗೆಯುವಷ್ಟರಲ್ಲಿ ಕೆಂಪು ಮೀನು ಹೋಗಿತ್ತು, ಅದರ ಹಿಂದೆ ಬಂದ ಇನ್ನೆರಡೂ.

ಸುದ್ದಿ ತಿಳಿದು ನಾನು ಓಡಿಹೋದಾಗ ಮಾವ ಮೆಟ್ಟಿಲ ಮೇಲೆ ಕೂತಿದ್ದ.

"ಅದು ನಾನು ಅಂದ್ಕೊಂಡು ಬಂದ್ವು ಕಣೋ," ಅಂದ. "ಕಲ್ಸಿದ್ದು ನಾನೇ."

ಅಂಗಡಿಯವನು ಮೊದಲೇ ಹೇಳಿದ್ದ ಅನ್ನುವ ಮಾತು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅದೇ ವಾರ ಕೊಳ ಒಡೆಸಿ ಎದೆಮಟ್ಟ ಅಗೆಸಿದ. ಅಂಚು ನೆಟ್ಟಗೆ. ಉಳಿದ ಮೀನುಗಳನ್ನು ಬಕೆಟ್ಟಿನಿಂದ ಅದಕ್ಕೆ ಬಿಟ್ಟ. ಈಗ ಹೊಸಲಿನಲ್ಲೇ ನಿಂತು ಆಹಾರ ಎಸೆದು, ಅವು ಮೇಲೆ ಬರುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಾನೆ. ಆಗಾಗ ಬೇಕೆಂದೇ ಅಂಚಿಗೆ ಹೋಗಿ, ನೀರಿನ ಮೇಲೆ ನೆರಳು ಬೀಳುವಂತೆ ನಿಂತು, ಕೋಲಿನಿಂದ ನೀರಿಗೆ ಬಡಿಯುತ್ತಾನೆ. ಅದನ್ನು ನೋಡಲು ನನಗೆ ಆಗುವುದಿಲ್ಲ.

ಮೊನ್ನೆ ಅಮ್ಮ ಮಾವನಿಗೆ ಫೋನು ಮಾಡಿ, ಮೀನು ಹೇಗಿವೆ ಅಂತ ಕೇಳಿದಳು. ಪಕ್ಕದಲ್ಲಿದ್ದ ನನಗೂ ಅವನ ದನಿ ಕೇಳಿಸಿತು.

"ಚೆನ್ನಾಗಿವೆ. ಈಗ ನನ್ನ ಕಂಡ್ರೆ ಒಂದೂ ನಿಲ್ಲಲ್ಲ."