ಡೊನಾಲ್ಡ್ ಹಾಕಿಸಿದ ಟೀವಿಗಳು

ಇಂಗ್ಲಿಷರ ನಾಡಿನ ಕ್ರೋಯ್ಡನ್ ಎಂಬ ಊರಿನ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ಕಾಯದೆ ಆರನೇ ಮಹಡಿ ಹತ್ತುವ ಮನುಷ್ಯ ಒಬ್ಬರೇ, ಡೊನಾಲ್ಡ್. ಕರಾವಳಿಯ ಶಿರ್ವದ ಕಡೆಯವರು, ಟ್ರಾಮ್ ಓಡಿಸುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಕಾಫಿ ಕೊಟ್ಟರೆ ನಿಂತೇ ಕುಡಿಯುತ್ತಾರೆ, ಕುಡಿಯುತ್ತಲೇ ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ನಾನು ಮೈಸೂರಿನವಳು, ಕಾಫಿಗೆ ಹೀಗೆ ಅವಮಾನ ಮಾಡಿದರೆ ಮೈ ಉರಿಯುತ್ತದೆ. ಅವರ ಹೆಂಡತಿ ಅಪೊಲಿನ್ ನರ್ಸ್. ಒಂದು ಕಡೆ ಕೂತುಕೊಳ್ಳಿ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾಳೆ.

ಇವರ ಒಬ್ಬಳೇ ಮಗಳು ವಲೀಶಾ ಒಂದು ಸಣ್ಣ ಕ್ರೀಡಾ ಚಾನೆಲ್ಲಿನಲ್ಲಿ ಅಂಕಿಅಂಶ ಬರೆದುಕೊಡುವ ಕೆಲಸದಲ್ಲಿದ್ದಳು. ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ, ಅಮೆರಿಕದ ಬೇಸ್‌ಬಾಲ್ ಪಂದ್ಯಕ್ಕೆ ಕಾಮೆಂಟರಿ ಹೇಳುವ ಅವಕಾಶ ಅವಳಿಗೆ ಮೊದಲ ಸಲ ಸಿಕ್ಕಿತು. ಆದರೆ ಕತ್ತಿ ನೆತ್ತಿಯ ಮೇಲೇ ಇತ್ತು. ಮುಂದಿನ ವರ್ಷಕ್ಕೆ ಬೇಸ್‌ಬಾಲ್ ಬೇಕೋ ಬೇಡವೋ ಎಂದು ಚಾನೆಲ್ಲಿನವರು ಯೋಚಿಸುತ್ತಿದ್ದರು. ಆ ಸಂಜೆ ನೋಡುವವರು ಹೆಚ್ಚದಿದ್ದರೆ ಬೇಸ್‌ಬಾಲೂ ಇಲ್ಲ, ವಲೀಶಾಳಿಗೆ ಮೈಕೂ ಇಲ್ಲ.

ಡೊನಾಲ್ಡರಿಗೆ ನಿದ್ದೆ ಹಾರಿಹೋಯಿತು. ಸಿಕ್ಕಿದವರಿಗೆಲ್ಲ ಪಾಠ ಶುರು. ಫುಟ್‌ಬಾಲ್ ಪ್ರಸಾರದ ಹಕ್ಕು ಕೊಳ್ಳುವ ಶಕ್ತಿ ಈ ಚಾನೆಲ್ಲಿಗಿಲ್ಲ, ಕ್ರಿಕೆಟ್ ದೊಡ್ಡವರ ಕೈಯಲ್ಲಿದೆ, ಈ ದೇಶದಲ್ಲಿ ಕೇಳುವವರಿಲ್ಲದ ಬೇಸ್‌ಬಾಲ್ ಒಂದೇ ಅಗ್ಗ ಎಂದರು. ಅಮೆರಿಕದಲ್ಲೂ ಅಲ್ಲಿನ ಫುಟ್‌ಬಾಲೇ ಮುಂದಂತೆ. ಅದು ವಾರಕ್ಕೊಂದು ಆಟ, ಇಡೀ ದೇಶ ಟೀವಿ ಮುಂದೆ. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೂ ವರ್ಷಕ್ಕೆ ನೂರ ಅರವತ್ತೆರಡು ಪಂದ್ಯ. ದಿನಾ ಉಣ್ಣುವ ತಿಳಿಸಾರಿಗೆ ಹಬ್ಬದೂಟದ ಬೆಲೆ ಯಾರು ಕೊಡುತ್ತಾರೆ ಎಂದು ನಾನೇ ಚುಚ್ಚಿದೆ.

"ದಿನಾ ಉಂಟಲ್ಲ ಮೀರಕ್ಕ, ಅದೇ ಅದ್ರ ಬೆಲೆ. ಟ್ರಾಮ್ ಸಹ ದಿನಾ ಓಡ್ತದೆ. ಒಂದಿನ ನಿಲ್ಲಲಿ, ಆಗ ಗೊತ್ತಾಗ್ತದೆ" ಎಂದರು.

ಚರ್ಚಿನ ಹಬ್ಬಕ್ಕೆ, ಕನ್ನಡದವರ ಕೂಟಕ್ಕೆ ಜನ ಸೇರಿಸಿ ಪಳಗಿದ ಆಸಾಮಿ ಅವರು. ಈಗಲೂ ಅದೇ ವಿದ್ಯೆ ಹಿಡಿದರು. ಇಲ್ಫರ್ಡಿನಿಂದ ಸಟನ್ ತನಕ ಸುತ್ತಲ ಊರುಗಳಲ್ಲಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ, ನೋಡದಿದ್ದರೂ ಅಡ್ಡಿಯಿಲ್ಲ, ಆ ಚಾನೆಲ್ ಹಾಕಿಟ್ಟರೆ ಸಾಕು ಎಂದು ಬೇಡಿಕೊಂಡರು. ಉರಿಯುವ ಟೀವಿಯೆಲ್ಲ ಲೆಕ್ಕಕ್ಕೆ ಸೇರುತ್ತದೆ ಎಂದು ಅವರ ನಂಬಿಕೆ.

ಆ ಭಾನುವಾರ ನನ್ನ ಗಂಡ ಶ್ರೀರಂಗ ಗೊಣಗುತ್ತ ರಿಮೋಟ್ ಬಿಟ್ಟುಕೊಟ್ಟರು. ಆಟ ನನಗೊಂದು ಚೂರೂ ಅರ್ಥವಾಗಲಿಲ್ಲ. ವಲೀಶಾಳ ದನಿ ಮೊದಲು ನಡುಗಿತು, ಆಮೇಲೆ ಎಷ್ಟು ಚೆನ್ನಾಗಿ ಹರಿಯಿತೆಂದರೆ, ನನ್ನ ಮಗಳೇ ಮಾತಾಡಿದಷ್ಟು ಹೆಮ್ಮೆಯಾಯಿತು. ಅಷ್ಟರಲ್ಲಿ ಬೆಲ್. ಬಾಗಿಲಲ್ಲಿ ಬೆವರಿಳಿಸುತ್ತ ಡೊನಾಲ್ಡ್.

"ಟೀವಿ ಆನ್ ಉಂಟಲ್ಲ?"

ಮಗಳು ಮಾತಾಡುತ್ತಿದ್ದಾಳೆ, ಒಳಗೆ ಬಂದು ಕೂತು ಕೇಳಿ ಎಂದೆ. ಕೂತರೆ ಹೇಗೆ, ಹಿಂದಿನ ಬೀದಿಯ ವಿಕಾಸ ಫುಟ್‌ಬಾಲ್ ಹಾಕಿಕೊಂಡಿದ್ದಾನಂತೆ ಎನ್ನುತ್ತ ಮೆಟ್ಟಿಲು ಇಳಿದೇಬಿಟ್ಟರು.

ನಾನು ಸೋಫಾಕ್ಕೆ ಮರಳುವ ಹೊತ್ತಿಗೆ, ಎಸೆತ ಯಾವ ಬಗೆಯದೆಂದು ಇಷ್ಟು ಚೆನ್ನಾಗಿ ಗುರುತಿಸಲು ಎಲ್ಲಿ ಕಲಿತೆ ಎಂದು ಜೊತೆಯ ಕಾಮೆಂಟೇಟರ್ ಅವಳನ್ನು ಕೇಳುತ್ತಿದ್ದ. ತನ್ನ ತಂದೆ ಟ್ರಾಮ್ ಡ್ರೈವರ್ ಎಂದಳು. ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನಲ್ಲೇ, ಪಾರ್ಕಿನಲ್ಲಿ ಕತ್ತಲಾಗುವವರೆಗೂ ಟೆನಿಸ್ ಚೆಂಡು ಎಸೆಯುತ್ತಿದ್ದರಂತೆ. ಚೆಂಡನ್ನಲ್ಲ, ಎಸೆಯುವವರ ಮಣಿಕಟ್ಟು ನೋಡು ಎಂದು ಕಲಿಸಿದ್ದು ಅವರೇ. ಈಗ ಟೀವಿ ಮುಂದೆ ಕೂತಿರುತ್ತಾರೆ, ಥ್ಯಾಂಕ್ಯೂ ಡ್ಯಾಡ್, ಎಂದಳು. ನಾನು ಓಡಿಹೋಗಿ ಮೆಟ್ಟಿಲ ಕಡೆ ಕೂಗಿದೆ. ಆ ಮಹರಾಯ ಆಗಲೇ ಬೀದಿ ಸೇರಿಯಾಗಿತ್ತು.

ಮರುದಿನ ಸಂಜೆ ವಲೀಶಾ ತಂದೆತಾಯಿಯ ಮನೆಗೆ ಬಂದಳು. ಅಪೊಲಿನ್ ನಮ್ಮನ್ನೂ ಊಟಕ್ಕೆ ಕರೆದಿದ್ದಳು. ಚಾನೆಲ್ ಬೇಸ್‌ಬಾಲನ್ನು ಕೈಬಿಟ್ಟಿತ್ತು. ಯಾರು ಏನು ನೋಡುತ್ತಾರೆ ಎಂದು ಅಳೆಯುವುದು ದೇಶದಲ್ಲಿ ಆರಿಸಿದ ಕೆಲವೇ ಸಾವಿರ ಮನೆಗಳ ಯಂತ್ರಗಳಿಂದಂತೆ, ಉಳಿದವರ ಟೀವಿ ಉರಿದರೂ ಒಂದೇ, ಆರಿದರೂ ಒಂದೇ. ಡೊನಾಲ್ಡರ ಓಡಾಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವರು ಹಾಕಿಸಿದ ಟೀವಿಗಳ ಮುಂದೆ ನಮ್ಮನ್ನು ಬಿಟ್ಟರೆ ಯಾರೂ ಕೂತಿರಲೂ ಇಲ್ಲ, ಅಪೊಲಿನ್ ಆಗ ಡ್ಯೂಟಿಯಲ್ಲಿದ್ದಳು. ಟೀವಿಯಲ್ಲಿ ಅವರ ಬಗ್ಗೆ ಮಾತಾಡಿದ್ದನ್ನು ಮಗಳೇ ಹೇಳಲಿ ಎಂದು ನಾನೂ ಅವರಿಗೆ ತಿಳಿಸಿರಲಿಲ್ಲ.

ವಲೀಶಾ ತಂದೆಯ ಕೈ ಹಿಡಿದುಕೊಂಡಳು. ಹೋಗಲಿ ಬಿಡಿ, ನಿಮ್ಮ ಬಗ್ಗೆ ಹೇಳಿದೆನಲ್ಲ, ಅದು ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಡೊನಾಲ್ಡ್ ನನ್ನ ಮುಖ ನೋಡಿದರು, ಅಪೊಲಿನ್ ಮುಖ ನೋಡಿದರು. "ರೆಕಾರ್ಡಿಂಗ್ ಇರ್ತದಲ್ಲ ಮಗಾ? ಈಗ್ಲೇ ನೋಡುವ."

ಅವಳು ನಿಧಾನವಾಗಿ ಕೈ ಬಿಟ್ಟಳು. "ಇದೆ ಡ್ಯಾಡ್. ಆದರೆ ನೀವು ಕೇಳ್ತಾ ಇದೀರಿ ಅಂದ್ಕೊಂಡು ಹೇಳಿದ್ದು ನಾನು."

ಡೊನಾಲ್ಡ್ ದಡಕ್ಕನೆ ಎದ್ದು ನಿಂತರು. ಓಡಿಹೋಗಿ ಟೀವಿ ಹಾಕಿಸಲು ಈಗ ಯಾವ ಮನೆಯೂ ಇರಲಿಲ್ಲ.